ಸ್ಕ್ರೀನ್‌ಕಾಸ್ಟ್ ಮಾಡೋದು ಹೇಗೆ ಅಂತ ಕನ್ನಡದಲ್ಲೊಂದು ಕೈಪಿಡಿ: ಬರೆದು ನಾವೇ ಅಚ್ಚು ಹಾಕಿಸೋಣ ಅಂತಿದ್ದೇನೆ, ಸಲಹೆ ಬೇಕು

ಕುವೆಂಪುನಗರ ಟೀಚರ್
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಶಿಕ್ಷಕರಿಗೆ ಕಂಪ್ಯೂಟರ್ ತರಬೇತಿ ಕೊಡುವ ಕೆಲಸ ನನ್ನದು. ತರಬೇತಿಗೆ ಬಂದವರು ಕೇಳುವ ಪ್ರಶ್ನೆ ಯಾವಾಗಲೂ ಒಂದೇ. ಕಂಪ್ಯೂಟರ್ ಪರದೆಯನ್ನು ರೆಕಾರ್ಡ್ ಮಾಡಿ, ಅದಕ್ಕೆ ನಮ್ಮ ದನಿ ಸೇರಿಸಿ, ಪಾಠದ ವಿಡಿಯೋ ಮಾಡೋದು ಹೇಗೆ? ಇದರ ಬಗ್ಗೆ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಬೇಕಾದಷ್ಟಿದೆ. ಕನ್ನಡದಲ್ಲಿ ಮೊದಲಿನಿಂದ ಕೊನೆತನಕ ಕೈ ಹಿಡಿದು ಹೇಳಿಕೊಡುವಂಥದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ತರಬೇತಿಗೆ ಮಾಡಿಕೊಂಡಿದ್ದ ಟಿಪ್ಪಣಿಗಳನ್ನೆಲ್ಲ ಸೇರಿಸಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಈಗ 130 ಪುಟದ ಹತ್ತಿರ ಬಂದಿದೆ.

ಪ್ರಕಾಶಕರ ಹತ್ತಿರ ಹೋಗುವ ಯೋಚನೆ ಇಲ್ಲ, ನಾನೇ ಪ್ರಕಟಿಸಬೇಕು ಅಂತಿದ್ದೇನೆ. ಪುಸ್ತಕದಲ್ಲಿ ಏನಿರಬೇಕು, ಏನು ಬಿಡಬೇಕು ಅನ್ನೋದೇ ಈಗಿನ ಯೋಚನೆ. ನನ್ನ ಮಟ್ಟಿಗೆ ಹೇಳೋದಾದರೆ ಸಾಫ್ಟ್‌ವೇರಿನ ಬಗ್ಗೆ ಕಡಿಮೆ ಬರೆದು, ಮಾತನ್ನು ಮೊದಲೇ ಬರೆದುಕೊಳ್ಳೋದು, ದನಿ, ಮೌಸ್ ಆಡಿಸುವ ರೀತಿ, ಇವಕ್ಕೆ ಜಾಸ್ತಿ ಜಾಗ ಕೊಡಬೇಕು. ನನ್ನ ಜೊತೆ ಕೆಲಸ ಮಾಡುವವರು ಮಾತ್ರ ಉಲ್ಟಾ ಹೇಳುತ್ತಾರೆ. ಅಚ್ಚಿನ ಕೆಲಸ, ಐಎಸ್‌ಬಿಎನ್ (ಪುಸ್ತಕದ ಗುರುತಿನ ನಂಬರು), ಮಾರಾಟ, ಇವೆಲ್ಲ ಗೊತ್ತಿರುವವರು ದಯವಿಟ್ಟು ಹೇಳಿ.

ಮಂಡ್ಯ ಮೇಷ್ಟ್ರು
ಮೇಡಂ, ಒಳ್ಳೆ ಕೆಲಸ. ಆದರೆ ನಾನು ನಿಮ್ಮ ಜೊತೆಯವರ ಕಡೆ. ನಮ್ಮಂಥ ಶಾಲೆ ಮೇಷ್ಟ್ರುಗಳಿಗೆ ಪುಸ್ತಕ ಕೈಗೆ ಬಂದ ದಿನವೇ ಒಂದು ವಿಡಿಯೋ ಆಗಿಬಿಡಬೇಕು. ಯಾವ ಬಟನ್ ಒತ್ತಬೇಕು ಅಂತ ಗೊತ್ತಾಗದೆ ದನಿ ಬಗ್ಗೆ ಹತ್ತು ಪುಟ ಓದಿ ಅಂದರೆ ಯಾರೂ ಓದಲ್ಲ. ಶಾಲೆಯಲ್ಲಿರೋದು ಹಳೇ ಕಂಪ್ಯೂಟರ್, ಕೆಲವು ಕಡೆ ಅದೂ ಇಲ್ಲ, ಫೋನ್ ಒಂದೇ. ಆಂಡ್ರಾಯ್ಡ್ 11 ಬಂದಮೇಲೆ ಸ್ಕ್ರೀನ್ ರೆಕಾರ್ಡರ್ ಫೋನಿನೊಳಗೇ ಇರುತ್ತೆ, ಐಫೋನಿನಲ್ಲಿ ಐಒಎಸ್ 11ರಿಂದಲೇ ಇದೆ. ವಿಂಡೋಸ್ 11ರಲ್ಲಿ ಪರದೆಯ ಚಿತ್ರ ತೆಗೆಯುವ ಸ್ನಿಪ್ಪಿಂಗ್ ಟೂಲೇ ವಿಡಿಯೋನೂ ಮಾಡುತ್ತೆ. ಅಲ್ಲಿಂದ ಶುರು ಮಾಡಿ.

ಒಂದು ಎಚ್ಚರಿಕೆಯನ್ನು ಪುಸ್ತಕದಲ್ಲಿ ಖಂಡಿತ ಹಾಕಿ. ವಿಂಡೋಸ್ 10ರೊಳಗೇ ಇರುವ ರೆಕಾರ್ಡರ್, ಗೇಮ್ ಬಾರ್, ಒಂದು ಆ್ಯಪಿನ ಕಿಟಕಿಯನ್ನು ಮಾತ್ರ ರೆಕಾರ್ಡ್ ಮಾಡುತ್ತೆ. ಡೆಸ್ಕ್‌ಟಾಪ್ ಆಗಲಿ, ಫೈಲ್ ಎಕ್ಸ್‌ಪ್ಲೋರರ್ ಆಗಲಿ ಅದರಲ್ಲಿ ಬರಲ್ಲ. "ಫೋಲ್ಡರ್ ಮಾಡೋದು ಹೇಗೆ" ಅಂತ ಪಾಠ ಮಾಡಲು ಕೂತವರಿಗೆ ಇದೇ ದೊಡ್ಡ ತಲೆನೋವು. ತಪ್ಪು ನಮ್ಮದೇ ಅಂದುಕೊಂಡು ಪಾಪ ಕೈಬಿಟ್ಟುಬಿಡುತ್ತಾರೆ.

ಹೆಬ್ಬಾಳ ಲಿನಕ್ಸ್
ಮೇಷ್ಟ್ರೇ, ನೀವು ಹೇಳಿದ್ದು ಶುರುವಿಗೆ ಸರಿ. ಆದರೆ ಇಡೀ ಪುಸ್ತಕವನ್ನು ಬಟನ್ ಮೇಲೆ ಕಟ್ಟಿದರೆ ವರ್ಷದೊಳಗೆ ಅದು ರದ್ದಿಗೆ ಹೋಗುತ್ತೆ. ಸಾಫ್ಟ್‌ವೇರ್ ಅಪ್‌ಡೇಟ್ ಆದ ತಕ್ಷಣ ಮೆನು ಜಾಗ ಬದಲಾಗುತ್ತೆ, ಚಿತ್ರ ಬದಲಾಗುತ್ತೆ. ಓದುಗ ಪುಸ್ತಕದ ಚಿತ್ರ ನೋಡುತ್ತಾನೆ, ಪರದೆ ನೋಡುತ್ತಾನೆ, ಎರಡೂ ಹೊಂದಲ್ಲ. ಅಲ್ಲಿಗೆ ಪುಸ್ತಕದ ಮೇಲೆ ನಂಬಿಕೆ ಹೋಯ್ತು.

ಯಾಕೆ ಅಂತ ಕಾರಣ ಇರುವ ವಿಷಯ ಹಳತಾಗಲ್ಲ. ಓಬಿಎಸ್ ಸ್ಟುಡಿಯೋ ತಗೊಳ್ಳಿ. ಪರದೆ ರೆಕಾರ್ಡ್ ಮಾಡುವ ಉಚಿತ, ಮುಕ್ತ ತಂತ್ರಾಂಶ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತೆ. ಅದರಲ್ಲಿ ರೆಕಾರ್ಡಿಂಗನ್ನು ಸಾಮಾನ್ಯ ಎಂಪಿ4 ಆಗಿ ಇಟ್ಟುಕೊಂಡರೆ ಒಂದು ಅಪಾಯ ಇದೆ. ಆ ಫೈಲನ್ನು ಓದಲು ಬೇಕಾದ ವಿವರ ರೆಕಾರ್ಡಿಂಗ್ ನಿಲ್ಲಿಸಿದಾಗಲೇ ಫೈಲಿಗೆ ಸೇರೋದು. ಮಧ್ಯೆ ಕರೆಂಟ್ ಹೋದರೆ ಇಡೀ ಫೈಲ್ ತೆರೆಯೋದೇ ಇಲ್ಲ. ಎಂಕೆವಿ ಅನ್ನೋ ಇನ್ನೊಂದು ಬಗೆಯ ಫೈಲ್ ಆದರೆ ಕರೆಂಟ್ ಹೋಗುವ ತನಕ ಆಗಿದ್ದಷ್ಟು ಉಳಿಯುತ್ತೆ. ಆಮೇಲೆ ಓಬಿಎಸ್ ಒಳಗೇ ರೀಮಕ್ಸ್ ಮಾಡಿ, ಅಂದರೆ ಒಳಗಿನ ವಿಡಿಯೋ ಮುಟ್ಟದೆ ಫೈಲಿನ ಬಗೆಯನ್ನಷ್ಟೇ ಬದಲಾಯಿಸಿ, ಎಂಪಿ4 ಮಾಡಿಕೊಳ್ಳಬಹುದು, ಗುಣಮಟ್ಟ ಒಂದು ಚೂರೂ ಕಡಿಮೆ ಆಗಲ್ಲ. ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪಿನಲ್ಲಿ ಕೆಲಸ ಮಾಡುವ ನಮ್ಮೂರ ಮೇಷ್ಟ್ರುಗಳಿಗೆ ಇದು ಗೊತ್ತಿರಲೇಬೇಕು. ಬಟನ್ ಎಲ್ಲಿದೆ ಅನ್ನೋದನ್ನು ಒಂದು ವೆಬ್ ಪುಟದಲ್ಲಿ ಹಾಕಿ, ಪುಸ್ತಕದಲ್ಲಿ ಕ್ಯೂಆರ್ ಕೋಡ್ ಕೊಡಿ. ಸರ್ಕಾರದ ಆನ್‌ಲೈನ್ ಪಾಠಗಳ ದೀಕ್ಷಾ ಬಂದಮೇಲೆ ಪಠ್ಯಪುಸ್ತಕದಲ್ಲೇ ಕ್ಯೂಆರ್ ಇದೆ, ಮೇಷ್ಟ್ರುಗಳಿಗೆ ಅದು ಹೊಸದೇನಲ್ಲ.

ಇನ್ನೊಂದು ಮಾತು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ನೋಡಿದ್ದೀರಾ ಮೇಡಂ? ಹತ್ತು ನಿಮಿಷದ ಆಸುಪಾಸಿನ ಪಾಠಗಳು, ಕನ್ನಡ ದನಿಯಲ್ಲೂ ಇವೆ. ಅವರ ಸ್ಕ್ರಿಪ್ಟ್ ಎರಡು ಕಂಬದಲ್ಲಿರುತ್ತೆ. ಒಂದು ಕಡೆ ಪರದೆಯಲ್ಲಿ ಏನು ಕಾಣಬೇಕು, ಇನ್ನೊಂದು ಕಡೆ ಏನು ಹೇಳಬೇಕು. ವಿಷಯ ಗೊತ್ತೇ ಇಲ್ಲದ ಒಬ್ಬರ ಕೈಲಿ ಆ ಸ್ಕ್ರಿಪ್ಟ್ ಪರೀಕ್ಷೆ ಮಾಡಿಸಿದಮೇಲೇ ರೆಕಾರ್ಡಿಂಗ್. ಈ ಪದ್ಧತಿಯನ್ನು ಬಿಡಿಸಿ ಹೇಳಿ. ಅಷ್ಟು ಹೇಳಿದರೆ ಅರ್ಧ ಪುಸ್ತಕ ಆದ ಹಾಗೆ.

ಕುವೆಂಪುನಗರ ಟೀಚರ್
ಎರಡು ಕಂಬದ ಸ್ಕ್ರಿಪ್ಟನ್ನು ತರಬೇತಿಯಲ್ಲಿ ಹೇಳಿಕೊಡುತ್ತೇನೆ ಸರ್, ಅದರ ಮೇಲೊಂದು ಅಧ್ಯಾಯವೇ ಇದೆ. ಸ್ಕ್ರಿಪ್ಟ್ ಇಟ್ಟುಕೊಂಡವರ ವಿಡಿಯೋಗೂ ಬಾಯಿಗೆ ಬಂದಂತೆ ಮಾತಾಡಿದವರ ವಿಡಿಯೋಗೂ ಇರುವ ವ್ಯತ್ಯಾಸ ಮೊದಲ ಒಂದು ನಿಮಿಷದಲ್ಲೇ ಗೊತ್ತಾಗಿಬಿಡುತ್ತೆ. ಸ್ಕ್ರಿಪ್ಟ್ ಇಲ್ಲದವರು "ಈಗ ನೋಡಿ... ಆಂ... ಇಲ್ಲಿ... ಇದನ್ನ... ಹೀಗೆ..." ಅಂತ ಮೌಸನ್ನು ಸುತ್ತಿಸುತ್ತಾ ಇರುತ್ತಾರೆ. ನೋಡುವ ಮಗುವಿನ ಕಣ್ಣೂ ಅದರ ಹಿಂದೆ ಸುತ್ತುತ್ತೆ. ಅದಕ್ಕೇ ನಾನು ಇಷ್ಟು ಹಟ ಹಿಡಿದಿರೋದು.

ಮೇಷ್ಟ್ರು ಹೇಳಿದ್ದನ್ನೂ ಒಪ್ಪುತ್ತೇನೆ. ಮೊದಲ ಅಧ್ಯಾಯ ನಾಲ್ಕೇ ಪುಟ, ಕೈಯಲ್ಲಿರುವ ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಎರಡು ನಿಮಿಷದ ವಿಡಿಯೋ ಇವತ್ತೇ ಮಾಡಿ ಅಂತ ಇಡುತ್ತೇನೆ.

ಸರಸ್ವತಿಪುರಂ ಧ್ವನಿ
ಧ್ವನಿಮುದ್ರಣ ನನ್ನ ಕೆಲಸ. ಚಿತ್ರ ಸ್ವಲ್ಪ ಮಸುಕಾಗಿದ್ದರೂ ಜನ ನೋಡುತ್ತಾರೆ, ದನಿ ಕೆಟ್ಟದಾಗಿದ್ದರೆ ಕೂಡಲೇ ಮುಚ್ಚುತ್ತಾರೆ. ಹಾಗಾಗಿ ನನ್ನ ವೋಟು ಮೇಡಂಗೆ.

ದುಬಾರಿ ಮೈಕ್ ಬೇಕು ಅಂತ ಮಾತ್ರ ಬರೆಯಬೇಡಿ. ಫೋನಿನ ಜೊತೆ ಬಂದ ಇಯರ್‌ಫೋನಿನ ಮೈಕ್ ಬಾಯಿಗೆ ಹತ್ತಿರ ಇದ್ದರೆ, ಮಾರುದೂರದ ದುಬಾರಿ ಮೈಕಿಗಿಂತ ಮಾತು ಸ್ಪಷ್ಟವಾಗಿ ಬರುತ್ತೆ. ಖಾಲಿ ಗೋಡೆಯ, ಟೈಲ್ಸ್ ಹಾಕಿದ ರೂಮಿನಲ್ಲಿ ದನಿ ಗುಂಯ್ ಅನ್ನುತ್ತೆ. ಹಾಸಿಗೆ, ಬಟ್ಟೆ, ಬಾಗಿಲು-ಕಿಟಕಿಗೆ ಪರದೆ ಇರುವ ರೂಮಿನಲ್ಲಿ ಕೂತುಕೊಳ್ಳಿ. ಫ್ಯಾನ್ ಆರಿಸಿ. ಓಬಿಎಸ್ ಮೀಟರಿನಲ್ಲಿ ಮಾತು ಹಳದಿಯಲ್ಲಿ ಓಡಾಡಬೇಕು, ಕೆಂಪಿಗೆ ಹೋಗಬಾರದು. ಶುರು ಮಾಡುವ ಮುಂಚೆ ಐದಾರು ಸೆಕೆಂಡು ಸುಮ್ನೆ ಕೂತು ಆ ಮೌನವನ್ನೂ ರೆಕಾರ್ಡ್ ಮಾಡಿ. ದನಿ ತಿದ್ದುವ ಆಡಾಸಿಟಿ ತಂತ್ರಾಂಶದಲ್ಲಿ ಗದ್ದಲ ತೆಗೆಯಲು ಅದೇ ಮಾದರಿ. ಆ ತುಣುಕನ್ನು ಆರಿಸಿ ನಾಯ್ಸ್ ಪ್ರೊಫೈಲ್ ತೆಗೆದುಕೊಂಡು, ಆಮೇಲೆ ಇಡೀ ಟ್ರ್ಯಾಕಿಗೆ ಹಚ್ಚೋದು. ಜಾಸ್ತಿ ಹಚ್ಚಿದರೆ ದನಿ ನೀರೊಳಗಿಂದ ಬಂದ ಹಾಗಾಗುತ್ತೆ, ಅದನ್ನೂ ಬರೆಯಿರಿ.

ಈಗ ಮುಖ್ಯ ವಿಷಯ. ಸ್ಕ್ರಿಪ್ಟ್ ಬರೆಯಿರಿ ಅಂದ ತಕ್ಷಣ ನಮ್ಮವರು ಗ್ರಂಥ ಬರೆಯುವ ಭಾಷೆಗೆ ಹೋಗಿಬಿಡುತ್ತಾರೆ. "ಇದೀಗ ನಾವು ಪರದೆಯ ಮೇಲ್ಭಾಗದಲ್ಲಿ ಗೋಚರಿಸುವ ಆಯ್ಕೆಪಟ್ಟಿಯನ್ನು ಕ್ಲಿಕ್ಕಿಸುವ ಮೂಲಕ ನೂತನ ಕಡತವನ್ನು ತೆರೆಯೋಣ." ಇದನ್ನು ಒಂದೇ ಉಸಿರಿನಲ್ಲಿ ಹೇಳೋಕಾಗಲ್ಲ, ಕೇಳೋಕೂ ಆಗಲ್ಲ. "ಮೇಲೆ ಎಡಗಡೆ ನೋಡಿ. ಫೈಲ್ ಅಂತಿದೆ. ಒತ್ತಿ. ನ್ಯೂ ಅಂತ ಬರುತ್ತೆ. ಅದನ್ನೂ ಒತ್ತಿ." ಇಷ್ಟೇ ಸಾಕು. ಎಲ್ಲಿ ಅನ್ನೋದು ಮೊದಲು, ಏನು ಮಾಡಬೇಕು ಅನ್ನೋದು ಆಮೇಲೆ. "ಮೇಲೆ ಎಡಗಡೆ" ಅನ್ನುವಾಗ ಮೌಸ್ ಹೊರಡಲಿ, "ಫೈಲ್" ಅನ್ನುವಷ್ಟರಲ್ಲಿ ಅಲ್ಲಿ ಹೋಗಿ ನಿಲ್ಲಲಿ, ಒಂದು ಕ್ಷಣ ಬಿಟ್ಟು "ಒತ್ತಿ" ಅಂತ ಒತ್ತಲಿ. ಮೌಸ್ ನಿಂತಿರುವ ಆ ಒಂದು ಕ್ಷಣದಲ್ಲೇ ನೋಡುವವರಿಗೆ ಜಾಗ ಮನಸ್ಸಿನಲ್ಲಿ ಕೂರೋದು. ಇದನ್ನು ಒಂದು ಪುಟದಲ್ಲಿ ಉದಾಹರಣೆ ಸಮೇತ ಹಾಕಿ ಮೇಡಂ, ದಯವಿಟ್ಟು.

ಮದ್ದೂರು ಸೈಬರ್
ನಮ್ಮದು ಸೈಬರ್ ಸೆಂಟರ್. ಸೇವಾಸಿಂಧು ಅರ್ಜಿ, ಪಹಣಿ, ಸ್ಕಾಲರ್‌ಶಿಪ್, ಎಲ್ಲ ಮಾಡಿಕೊಡುತ್ತೇವೆ. ನಾವೂ ಸಣ್ಣ ಸಣ್ಣ ವಿಡಿಯೋ ಮಾಡಿ ಗಿರಾಕಿಗಳ ವಾಟ್ಸಾಪಿಗೆ ಕಳಿಸುತ್ತೇವೆ, ಆದ್ದರಿಂದ ಈ ಪುಸ್ತಕ ಬರೀ ಮೇಷ್ಟ್ರುಗಳಿಗೆ ಅಂತ ಮಾಡಬೇಡಿ ಅಕ್ಕ.

ಒಂದು ಅಧ್ಯಾಯ ಖಾಸಗಿ ಮಾಹಿತಿ ಮೇಲೆ ಬೇಕೇ ಬೇಕು. ಅರ್ಜಿ ತುಂಬೋದನ್ನು ತೋರಿಸುವ ಎಷ್ಟೋ ವಿಡಿಯೋಗಳಲ್ಲಿ ನಿಜವಾದ ಆಧಾರ್ ನಂಬರು, ಬ್ಯಾಂಕ್ ಖಾತೆ, ಫೋನ್ ನಂಬರು ಹಾಗ್ಹಾಗೇ ಕಾಣುತ್ತೆ. ಅರ್ಧ ಅಕ್ಷರ ಟೈಪ್ ಮಾಡಿದರೆ ಸಾಕು, ಹಿಂದೆ ತುಂಬಿದ ಇನ್ನೊಬ್ಬರ ಹೆಸರು, ನಂಬರನ್ನು ಬ್ರೌಸರ್ ತಾನೇ ಕೆಳಗೆ ತೋರಿಸುತ್ತೆ. ಆ ಮನುಷ್ಯನಿಗೆ ವಿಡಿಯೋ ಆಗಿದ್ದೇ ಗೊತ್ತಿರಲ್ಲ. ರೆಕಾರ್ಡಿಂಗಿಗೆ ಅಂತಲೇ ಬ್ರೌಸರಿನಲ್ಲಿ ಬೇರೆ ಪ್ರೊಫೈಲ್ ಇಡಬೇಕು. ನೋಟಿಫಿಕೇಶನ್ ಎಲ್ಲ ಆಫ್. ನಂಬರ್ ಮುಚ್ಚಬೇಕಾದರೆ ಮಸುಕು ಮಾಡಬೇಡಿ, ಗಟ್ಟಿ ಕಪ್ಪು ಪಟ್ಟಿ ಹಾಕಿ. ತೆಳುವಾಗಿ ಮಸುಕು ಮಾಡಿದ್ದನ್ನು ಕಣ್ಣು ಕಿರಿದು ಮಾಡಿ ನೋಡಿದರೇ ಎಷ್ಟೋ ಸಲ ಓದಬಹುದು.

ಇನ್ನೊಂದು, ನಮ್ಮ ವಿಡಿಯೋ ನೋಡುವವರು ನೋಡೋದೇ ಫೋನಿನಲ್ಲಿ. ಲ್ಯಾಪ್‌ಟಾಪಿನ ಪೂರ್ತಿ ಪರದೆ ಅಂಗೈಗೆ ಇಳಿದಾಗ ಅಕ್ಷರ ಇರುವೆ ಸಾಲು. ಬ್ರೌಸರನ್ನು 150 ಪರ್ಸೆಂಟಿಗೆ ದೊಡ್ಡದು ಮಾಡಿಕೊಂಡೇ ರೆಕಾರ್ಡ್ ಮಾಡಬೇಕು. ಮೌಸಿನ ಬಾಣವನ್ನೂ ಸೆಟಿಂಗ್ಸಿನಲ್ಲಿ ದೊಡ್ಡದು ಮಾಡಬೇಕು.

ಕುವೆಂಪುನಗರ ಟೀಚರ್
ಖಾಸಗಿ ಮಾಹಿತಿ ಬಗ್ಗೆ ನನ್ನ ಕರಡಿನಲ್ಲಿ ಒಂದು ಪ್ಯಾರಾ ಇತ್ತು. ಈಗ ಅಧ್ಯಾಯ ಮಾಡುತ್ತೇನೆ ತಮ್ಮಾ. ಶಾಲೆಯವರಿಗೂ ಇದು ಅಷ್ಟೇ ಮುಖ್ಯ, ಮಕ್ಕಳ ಹಾಜರಾತಿ, ಅಂಕಪಟ್ಟಿ ತೆರೆದಿಟ್ಟುಕೊಂಡೇ ರೆಕಾರ್ಡ್ ಮಾಡುವವರಿದ್ದಾರೆ.

ಗೋಕುಲಂ ಓದುಗ
ಅಡ್ಡ ಪ್ರಶ್ನೆ ಅಂದುಕೊಳ್ಳಬೇಡಿ. ವಿಡಿಯೋ ಮಾಡೋದನ್ನು ಹೇಳಿಕೊಡಲು ಪುಸ್ತಕ ಯಾಕೆ? ವಿಡಿಯೋನೇ ಮಾಡಿ ಹಾಕಬಹುದಲ್ವಾ?

ಮಂಡ್ಯ ಮೇಷ್ಟ್ರು
ನಾನು ಹೇಳ್ತೀನಿ. ಒಂದೇ ಲ್ಯಾಪ್‌ಟಾಪು. ಅದರಲ್ಲೇ ವಿಡಿಯೋ ನೋಡಿ, ನಿಲ್ಲಿಸಿ, ಆ ಕಿಟಕಿ ಮುಚ್ಚಿ, ಓಬಿಎಸ್ ತೆರೆದು, ಮರೆತು, ಮತ್ತೆ ವಿಡಿಯೋಗೆ ಹೋಗಿ... ಮಾಡಿ ನೋಡಿದವರಿಗೆ ಗೊತ್ತು ಆ ಕಷ್ಟ. ಪುಸ್ತಕ ಆದರೆ ಪಕ್ಕದಲ್ಲಿ ಬಿದ್ದಿರುತ್ತೆ, ಪೆನ್ನಿನಲ್ಲಿ ಗೀಟು ಹಾಕಬಹುದು. ಸ್ಕ್ರಿಪ್ಟ್ ಬರೆಯಲು ಖಾಲಿ ಎರಡು ಕಂಬದ ಪುಟ ನಾಲ್ಕು ಕೊಟ್ಟರೆ ಅಲ್ಲೇ ಬರೆದುಕೊಳ್ಳಬಹುದು.

ಅಚ್ಚುಮನೆ ಡಿಟಿಪಿ
ಮೇಷ್ಟ್ರು ಪಕ್ಕದಲ್ಲಿ ಬಿದ್ದಿರುತ್ತೆ ಅಂದರಲ್ಲ, ಅಲ್ಲೇ ಇದೆ ವಿಷಯ. ಮೈಸೂರಿನ ಪ್ರೆಸ್ಸಿನಲ್ಲಿ ಬಹಳ ಕಾಲದಿಂದ ಡಿಟಿಪಿ ಮಾಡುತ್ತಿದ್ದೇನೆ. 130 ಪುಟ ಅಂದರೆ ಪರ್ಫೆಕ್ಟ್ ಬೈಂಡಿಂಗ್ ಆಗಬೇಕು, ಅಂದರೆ ಬೆನ್ನಿಗೆ ಗೋಂದು. ಅದು ಕೀಬೋರ್ಡ್ ಪಕ್ಕ ತೆರೆದುಕೊಂಡು ಕೂರಲ್ಲ, ಕೈ ಬಿಟ್ಟರೆ ಮುಚ್ಚಿಕೊಳ್ಳುತ್ತೆ, ಅಗಲಿಸಿ ಒತ್ತಿದರೆ ಬೆನ್ನು ಒಡೆಯುತ್ತೆ. 80 ಪುಟಕ್ಕೆ ಇಳಿಸಿ. ಆಗ ಮಧ್ಯಕ್ಕೆ ಪಿನ್ ಹೊಡೆಯಬಹುದು, ಪುಸ್ತಕ ಚಪ್ಪಟೆಯಾಗಿ ಬಿದ್ದಿರುತ್ತೆ, ಖರ್ಚೂ ಕಡಿಮೆ. 80 ಅಂದರೆ 16 ಪುಟದ ಐದು ಫಾರಂ (ಒಂದು ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳು), ಕಾಗದ ದಂಡ ಆಗಲ್ಲ. ತಂತಿ ಸುರುಳಿ ಹಾಕುವ ವೈರೋ ಬೈಂಡಿಂಗೂ ಚಪ್ಪಟೆ ಕೂರುತ್ತೆ, ಆದರೆ ಪ್ರತಿಗೆ ಖರ್ಚು ಜಾಸ್ತಿ, ಅಂಗಡಿ ಕಪಾಟಿನಲ್ಲಿ ಬೆನ್ನಿನ ಮೇಲೆ ಹೆಸರೂ ಕಾಣಲ್ಲ. ಪಿನ್ ಪುಸ್ತಕಕ್ಕೂ ಬೆನ್ನಿನ ಹೆಸರು ಇರಲ್ಲ, ಅದನ್ನು ಮೊದಲೇ ಯೋಚಿಸಿ.

ಚಿತ್ರಗಳ ಬಗ್ಗೆ ಹೇಳಲೇಬೇಕು. ಡೆಮಿ ಸೈಜಿನ (ಸುಮಾರು ಐದೂವರೆಗೆ ಎಂಟೂವರೆ ಇಂಚು) ಪುಟದಲ್ಲಿ ಅಂಚು ಬಿಟ್ಟರೆ ಬರವಣಿಗೆಗೆ ಸಿಗೋದು ನಾಲ್ಕೂಕಾಲು ಇಂಚು ಅಗಲ. ನಿಮ್ಮ ಲ್ಯಾಪ್‌ಟಾಪ್ ಪರದೆ ಸುಮಾರು ಹದಿಮೂರೂವರೆ ಇಂಚು ಅಗಲ ಇರುತ್ತೆ. ಪೂರ್ತಿ ಪರದೆಯ ಚಿತ್ರ ಹಾಕಿದರೆ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತೆ, ಮೆನುವಿನ ಅಕ್ಷರ ಭೂತಗನ್ನಡಿ ಇಲ್ಲದೆ ಓದೋಕಾಗಲ್ಲ. ಬೇಕಾದ ಮೂಲೆಯನ್ನಷ್ಟೇ ಕತ್ತರಿಸಿ ಹಾಕಿ. ಡಾರ್ಕ್ ಮೋಡಿನಲ್ಲಿ ತೆಗೆದ ಚಿತ್ರ ಒಂದೇ ಬಣ್ಣದ ಅಚ್ಚಿನಲ್ಲಿ ಮಸಿ ಚೆಲ್ಲಿದ ಹಾಗೆ ಬರುತ್ತೆ. ಓಬಿಎಸ್ ಹಾಕಿದಾಗ ಕಪ್ಪು ಬಣ್ಣದಲ್ಲೇ ತೆರೆದುಕೊಳ್ಳುತ್ತೆ, ಸೆಟಿಂಗ್ಸಿಗೆ ಹೋಗಿ ತಿಳಿ ಬಣ್ಣದ ಥೀಮ್ ಹಾಕಿಕೊಂಡು ಚಿತ್ರ ತೆಗೆಯಿರಿ. ಫೈಲ್ ಪಿಎನ್‌ಜಿ ಆಗಿರಲಿ, ಜೆಪಿಜಿ ಬೇಡ, ಅಕ್ಷರದ ಸುತ್ತ ಕೊಳೆ ಬರುತ್ತೆ. ಚಿತ್ರಗಳನ್ನು ಪ್ರೆಸ್ಸಿಗೆ ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಲೇಬೇಡಿ, ಕುಗ್ಗಿಸಿಬಿಡುತ್ತೆ. ಪೆನ್‌ಡ್ರೈವಿನಲ್ಲಿ ತನ್ನಿ.

ಬರೆದಿರೋದು ಎಲ್ಲ ಕಡೆ ನಡೆಯುವ ಯುನಿಕೋಡಿನಲ್ಲಾ, ತನ್ನದೇ ಫಾಂಟ್ ಇದ್ದರೆ ಮಾತ್ರ ಓದಬಹುದಾದ ಹಳೇ ನುಡಿ ಆನ್ಸಿಯಲ್ಲಾ?

ಕುವೆಂಪುನಗರ ಟೀಚರ್
ಯುನಿಕೋಡ್ ಸರ್. ಲಿಬ್ರೆಆಫೀಸಿನಲ್ಲಿ, ನೋಟೋ ಸೆರಿಫ್ ಕನ್ನಡ ಫಾಂಟು.

ಅಚ್ಚುಮನೆ ಡಿಟಿಪಿ
ಹಾಗಾದರೆ ಅದನ್ನೇ ಉಳಿಸಿಕೊಳ್ಳಿ. ಕೆಲವು ಪ್ರೆಸ್ಸಿನವರು ಪುಟ ಕಟ್ಟಲು ಇನ್ನೂ ಆನ್ಸಿಗೆ ಬದಲಾಯಿಸಿ ಅನ್ನುತ್ತಾರೆ. ಒಪ್ಪಬೇಡಿ. ಹಾಗೆ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುವ ಸಾಧ್ಯತೆ ಇದೆ. ಮುಂದೆ ಇ-ಪುಸ್ತಕ ಮಾಡುವಾಗ ಮತ್ತೆ ಯುನಿಕೋಡಿಗೆ ತರಬೇಕು, ಎರಡು ಸಲ ಕರಡು ತಿದ್ದುವ ಕೆಲಸ. ಲಿಬ್ರೆಆಫೀಸಿನಲ್ಲೇ ಪುಟ ಕಟ್ಟಿ, ಫಾಂಟ್ ಒಳಗೇ ಸೇರಿರುವ ಪಿಡಿಎಫ್ ಕೊಟ್ಟರೆ ಆಯ್ತು. ಪುಟ ಕಟ್ಟಲು ಇನ್‌ಡಿಸೈನ್ ತಂತ್ರಾಂಶ ಬಳಸುವವರು ಅದರಲ್ಲಿರುವ ವರ್ಲ್ಡ್-ರೆಡಿ ಕಂಪೋಸರ್ ಆನ್ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಬರುತ್ತೆ.

ಶ್ರೀರಂಗಪಟ್ಟಣ ಪ್ರಕಾಶನ
ಸಣ್ಣ ಮಟ್ಟದಲ್ಲಿ ಪುಸ್ತಕ ಪ್ರಕಟಿಸುವವನು ನಾನು. ಗೊತ್ತಿರುವಷ್ಟು ಹೇಳುತ್ತೇನೆ.

ಐಎಸ್‌ಬಿಎನ್‌ಗೆ ಯಾರಿಗೂ ದುಡ್ಡು ಕೊಡಬೇಡಿ. ನಮ್ಮ ದೇಶದಲ್ಲಿ ಅದು ಉಚಿತ. ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿಯ ವೆಬ್‌ಸೈಟಿನಲ್ಲಿ ಲೇಖಕರೇ ತಮ್ಮ ಹೆಸರಿನಲ್ಲಿ ಅರ್ಜಿ ಹಾಕಬಹುದು. ಅಚ್ಚಿನ ಪುಸ್ತಕಕ್ಕೆ ಒಂದು ನಂಬರು, ಇ-ಪುಸ್ತಕಕ್ಕೆ ಬೇರೆ ನಂಬರು. ಮಾಹಿತಿ ಬದಲಾಯಿಸಿ ಪರಿಷ್ಕೃತ ಆವೃತ್ತಿ ತಂದರೆ ಮತ್ತೆ ಹೊಸದು, ಹಾಗೇ ಮರುಮುದ್ರಣ ಆದರೆ ಹಳೆಯದೇ ನಡೆಯುತ್ತೆ. 1954ರ ಕಾಯ್ದೆಯ ಪ್ರಕಾರ ಪ್ರಕಟಿಸಿದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಕಾಯ್ದೆಯಲ್ಲಿ ಹೇಳಿರುವ ಇನ್ನು ಮೂರು ಗ್ರಂಥಾಲಯಗಳಿಗೂ ನಿಮ್ಮ ಖರ್ಚಿನಲ್ಲೇ ಒಂದೊಂದು ಪ್ರತಿ ಕಳಿಸಬೇಕು. ಸ್ವಂತ ಪ್ರಕಟಣೆ ಅಂತ ಅದರಿಂದ ವಿನಾಯಿತಿ ಇಲ್ಲ.

ಎಷ್ಟು ಪ್ರತಿ ಅನ್ನೋದರಲ್ಲೇ ಹೆಚ್ಚಿನವರು ಸಿಕ್ಕಿಹಾಕಿಕೊಳ್ಳೋದು. ಆಫ್‌ಸೆಟ್‌ನಲ್ಲಿ ಅಚ್ಚಿಗೆ ಮಾಡಿಸುವ ಪ್ಲೇಟಿನ ಖರ್ಚು ನೂರು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಅದಕ್ಕೇ ಸಾವಿರ ಹಾಕಿಸಿದರೆ ಪ್ರತಿಗೆ ಕಡಿಮೆ ಬೀಳುತ್ತೆ ಅಂತ ಪ್ರೆಸ್ಸಿನವರು ಹೇಳುತ್ತಾರೆ, ಲೆಕ್ಕ ಸರಿಯೇ ಇರುತ್ತೆ. ಆದರೆ ಕತೆ, ಕವನ ಆದರೆ ಮನೆಯಲ್ಲಿ ಕಟ್ಟು ಬಿದ್ದಿದ್ದರೂ ಹಳತಾಗಲ್ಲ. ನಿಮ್ಮದು ಹಾಗಲ್ಲ ಮೇಡಂ. ಪ್ಲೇಟ್ ಬೇಡದ ಡಿಜಿಟಲ್ ಪ್ರಿಂಟಿನಲ್ಲಿ ನೂರರಂತೆ ಹಾಕಿಸಿ, ಮುಗಿದಾಗ ತಿದ್ದಿ ಮತ್ತೆ ನೂರು. ಪ್ರತಿಗೆ ಖರ್ಚು ಜಾಸ್ತಿ ಆಗುತ್ತೆ, ಆದರೆ ಕಟ್ಟು ಕೊಳೆಯಲ್ಲ. ಬೆಂಗಳೂರಿನ ಪೋಥಿ ಡಾಟ್ ಕಾಮ್‌ನಂಥವರು ಆರ್ಡರ್ ಬಂದಷ್ಟೇ ಅಚ್ಚು ಹಾಕಿ ಕಳಿಸುತ್ತಾರೆ, ಅದೂ ಒಂದು ದಾರಿ.

ಕಳಿಸಲು ಅಂಚೆಯ ಜ್ಞಾನ್ ಪೋಸ್ಟ್ ನೋಡಿ. 2025ರ ಮೇ 1ರಿಂದ ಶುರುವಾಗಿದೆ. ಶುರುವಾದಾಗ 300 ಗ್ರಾಂ ತನಕ 20 ರೂಪಾಯಿ, 5 ಕಿಲೋಗೆ 100, ಅದರ ಮೇಲೆ ತೆರಿಗೆ. 80 ಪುಟದ ಪುಸ್ತಕ 300 ಗ್ರಾಮಿನೊಳಗೆ ಆರಾಮಾಗಿ ಬರುತ್ತೆ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು ಅನ್ನೋದು ನಿಯಮ.

ಮದ್ದೂರು ಸೈಬರ್
ಪಿಡಿಎಫ್ ಮಾರೋದಾದರೆ ಒಬ್ಬರು ಕೊಂಡು ಇಡೀ ಗ್ರೂಪಿಗೆ ಹಾಕಿಬಿಡುತ್ತಾರಲ್ಲ ಸರ್?

ಶ್ರೀರಂಗಪಟ್ಟಣ ಪ್ರಕಾಶನ
ಹಾಕುತ್ತಾರೆ, ತಡೆಯೋಕಾಗಲ್ಲ. ನನ್ನ ಅಭಿಪ್ರಾಯ, ಪಿಡಿಎಫ್ ಮಾರಲೇಬೇಡಿ. ಮೊದಲ ಅಧ್ಯಾಯವನ್ನೂ ಖಾಲಿ ಸ್ಕ್ರಿಪ್ಟ್ ಪುಟವನ್ನೂ ಉಚಿತ ಪಿಡಿಎಫ್ ಮಾಡಿ ನೀವೇ ಎಲ್ಲ ಗ್ರೂಪಿಗೂ ಬಿಡಿ. ಮಾರೋದು ಅಚ್ಚಿನ ಪುಸ್ತಕ ಮಾತ್ರ. ಅಂಗಡಿಯಲ್ಲಿ ಇಡುತ್ತೀರಾದರೆ ಅವರ ಕಮಿಷನ್ ಲೆಕ್ಕ ಹಿಡಿದೇ ಬೆಲೆ ಇಡಿ, ಆಮೇಲೆ ಏರಿಸಿದರೆ ಮೊದಲು ಕೊಂಡವರಿಗೂ ಬೇಜಾರು, ನಿಮಗೂ ಬೇಜಾರು. ಇಂಥ ಪುಸ್ತಕ ಅಂಗಡಿಗಿಂತ ತರಬೇತಿ ನಡೆಯುವ ಜಾಗದಲ್ಲೇ ಜಾಸ್ತಿ ಹೋಗುತ್ತೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನ ಆಯ್ತಲ್ಲ, ಅಂಥ ಕಡೆ ಮಳಿಗೆ ಹಾಕುವ ಪರಿಚಯದವರ ಜೊತೆ ಹತ್ತು ಪ್ರತಿ ಇಟ್ಟರೂ ಒಳ್ಳೆಯದೇ.

ಹೆಬ್ಬಾಳ ಲಿನಕ್ಸ್
80 ಪುಟಕ್ಕೆ ಇಳಿಸೋದು ಅಂದರೆ ಮೇಡಂ ಮೊದಲು ಹೇಳಿದ್ದೇ ಆಯ್ತಲ್ಲ. ಬಟನ್ ತೋರಿಸುವ ಐವತ್ತು ಪುಟ ವೆಬ್ಬಿಗೆ ಹೋಗಲಿ, ಆ ಪುಟಗಳನ್ನು ಹೊಸದಾಗಿ ಇಡುವ ಕೆಲಸಕ್ಕೆ ನಾನು ಕೈ ಜೋಡಿಸುತ್ತೇನೆ. ವಿಂಡೋಸ್, ಲಿನಕ್ಸ್ ಎರಡನ್ನೂ ನೋಡಿಕೊಳ್ಳುತ್ತೇನೆ. ಫೋನಿನ ಭಾಗಕ್ಕೆ ಯಾರಾದರೂ ಬನ್ನಿ.

ಮದ್ದೂರು ಸೈಬರ್
ಫೋನ್ ನಾನು ನೋಡ್ಕೊಳ್ತೀನಿ ಅಣ್ಣ. ಅಂಗಡಿಗೆ ದಿನಾ ಎಲ್ಲ ಕಂಪನಿ ಫೋನೂ ಬರುತ್ತೆ, ಯಾವುದರಲ್ಲಿ ಮೆನು ಎಲ್ಲಿದೆ ಅಂತ ಪಟ್ಟಿ ಮಾಡಿ ಕೊಡ್ತೀನಿ.

ಕುವೆಂಪುನಗರ ಟೀಚರ್
ನಿಮಗೆಲ್ಲ ತುಂಬಾ ಥ್ಯಾಂಕ್ಸ್. ಹಾಗಾದರೆ 80 ಪುಟ, ಪಿನ್ ಬೈಂಡಿಂಗ್, ಒಂದೇ ಬಣ್ಣ, ಮೊದಲು ನೂರು ಪ್ರತಿ ಡಿಜಿಟಲ್. ಮೊದಲ ನಾಲ್ಕು ಪುಟ ಮೇಷ್ಟ್ರು ಹೇಳಿದ ಹಾಗೆ. ಆಮೇಲೆ ಸ್ಕ್ರಿಪ್ಟು, ದನಿ, ಮೌಸು, ಖಾಸಗಿ ಮಾಹಿತಿ. ಕೊನೆಗೆ ಎರಡು ಕಂಬದ ಖಾಲಿ ಪುಟಗಳು. ಧ್ವನಿ ಸರ್, ನೀವು ಬರೆದ ಆ "ಮೇಲೆ ಎಡಗಡೆ ನೋಡಿ" ಉದಾಹರಣೆಯನ್ನು ನಿಮ್ಮ ಒಪ್ಪಿಗೆ ಇದ್ದರೆ ಬಳಸಿಕೊಳ್ಳುತ್ತೇನೆ.

ಅಚ್ಚಿಗೆ ಕೊಡುವ ಮುಂಚೆ ಇದನ್ನು ಈ ಕೆಲಸ ಗೊತ್ತೇ ಇಲ್ಲದ ಒಬ್ಬರ ಕೈಲಿ ಮಾಡಿಸಿ ನೋಡಬೇಕು. ನನ್ನ ತರಬೇತಿಗೆ ಬಂದವರು ಬೇಡ, ಅವರಿಗೆ ನಾನು ಹೇಳಿದ್ದು ನೆನಪಿರುತ್ತೆ. ಮಂಡ್ಯ ಮೇಷ್ಟ್ರೇ, ನಿಮ್ಮ ಕಡೆ ಯಾರಾದರೂ ಸಿಗುತ್ತಾರಾ?

ಸರಸ್ವತಿಪುರಂ ಧ್ವನಿ
ಖುಷಿಯಿಂದ ಬಳಸಿಕೊಳ್ಳಿ ಮೇಡಂ.

ಮಂಡ್ಯ ಮೇಷ್ಟ್ರು
ಸಿಗ್ತಾರೆ. ನಮ್ಮ ಶಾಲೆಯಲ್ಲೇ ಸಮಾಜ ವಿಜ್ಞಾನದ ಮೇಡಂ ಒಬ್ಬರಿದ್ದಾರೆ, ಪಾಠ ಬಹಳ ಚೆನ್ನಾಗಿ ಮಾಡುತ್ತಾರೆ, ಕಂಪ್ಯೂಟರ್ ಅಂದರೆ ದೂರ. ಪಿಡಿಎಫ್ ಬೇಡ, ಪ್ರಿಂಟ್ ತೆಗೆದು ಪಿನ್ ಹೊಡೆದು ಕಳಿಸಿ. ನಾನು ಪಕ್ಕದಲ್ಲಿ ಕೂತಿರುತ್ತೇನೆ, ಬಾಯಿ ಬಿಡಲ್ಲ. ಅವರು ಎಲ್ಲಿ ನಿಂತರು, ಯಾವ ಪುಟಕ್ಕೆ ವಾಪಸ್ ಹೋದರು, ಅಷ್ಟನ್ನೂ ಬರೆದು ಕಳಿಸುತ್ತೇನೆ. ಸುತ್ತಮುತ್ತಲ ಶಾಲೆಗಳ ಮೇಷ್ಟ್ರುಗಳು ಸೇರುವ ಮುಂದಿನ ಕ್ಲಸ್ಟರ್ ಸಮಾಲೋಚನಾ ಸಭೆಗೆ ಇನ್ನೂ ಎರಡು ಪ್ರತಿ ಸೇರಿಸಿ ಕಳಿಸಿ, ಫೋನಿನಲ್ಲಿ ಮಾಡುವವರ ಕೈಗೂ ಕೊಟ್ಟು ನೋಡೋಣ.